ಹದಿನೈದು ದಿನ ಮೈಮೇಲೆ, ಉಳಿದ ದಿನ ಕಪಾಟಿನಲ್ಲಿ: ಕರಾವಳಿಯವರಿಗೆ ಉಣ್ಣೆ ಬಟ್ಟೆಯ ಸಮಗ್ರ ಮಾರ್ಗದರ್ಶಿ

ನಮ್ಮ ಭಾವ ನಿವೃತ್ತ ಅಧ್ಯಾಪಕರು. ಉಡುಪಿ ಸೀಮೆಯಲ್ಲಿ ನಿವೃತ್ತ ಅಧ್ಯಾಪಕರಿಗೆ ವರ್ಷಕ್ಕೆ ಎರಡು ಮೂರು ಸನ್ಮಾನ ತಪ್ಪಿದ್ದಲ್ಲ, ಸನ್ಮಾನವೆಂದ ಮೇಲೆ ಶಾಲು ತಪ್ಪಿದ್ದಲ್ಲ. ಕಳೆದ ಬೇಸಿಗೆಯಲ್ಲಿ ಅವರ ಕಪಾಟು ಖಾಲಿ ಮಾಡಿ ಒಪ್ಪ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಳಗಿದ್ದದ್ದು ಇಪ್ಪತ್ತಮೂರು ಶಾಲು. ಪ್ರತಿಯೊಂದರ ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿದೆ, ಉಣ್ಣೆಯವು ಎರಡೇ. ಆ ಎರಡಕ್ಕೂ ತೂತು ಬಿದ್ದಿತ್ತು, ಉಳಿದ ಇಪ್ಪತ್ತೊಂದು ಹೊಸದರಂತಿದ್ದವು. ನಾನು ಬೆಂಕಿ ಹಚ್ಚಿ ಕಂಡುಕೊಂಡದ್ದನ್ನು ಹುಳ ಯಾವತ್ತೋ ಕಂಡುಕೊಂಡಿತ್ತು.

ಮಂಗಳೂರು, ಉಡುಪಿಯವರಿಗೆ ಉಣ್ಣೆ ಯಾಕೆ ಎಂದು ನಗುವವರಿದ್ದಾರೆ. ನಮ್ಮ ಜನವರಿಯ ರಾತ್ರಿ ಇಪ್ಪತ್ತು ಡಿಗ್ರಿಯ ಆಸುಪಾಸಿಗೆ ಇಳಿದರೆ ಅದೇ ದೊಡ್ಡ ಚಳಿ, ನಿಜ. ಆದರೂ ಪ್ರತಿ ಮನೆಯಲ್ಲೂ ಉಣ್ಣೆ ಇದೆ. ಶಿರಾಡಿ ಘಾಟಿ ಹತ್ತುವ ರಾತ್ರಿ ಬಸ್ಸಿಗೆ ಒಂದು ಶಾಲು, ಬಯಲಾಟದ ಇಬ್ಬನಿಗೆ ಒಂದು, ಬೆಂಗಳೂರಿನ ಮಗಳ ಮನೆಗೆ ಹೋಗುವಾಗ ಸ್ವೆಟರ್, ಕಾಶಿ–ಬದರಿ ಯಾತ್ರೆಗೆ ಕೊಂಡು ತಂದ ಜಾಕೆಟ್, ಮದುವೆಯಲ್ಲಿ ಹೊಲಿಸಿದ ಕೋಟು. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಉಡುಪಿ ಕೃಷ್ಣಮಠದ ಪರ್ಯಾಯದ ಮೆರವಣಿಗೆ ಜೋಡುಕಟ್ಟೆಯಿಂದ ಹೊರಡುವಾಗ ದಾರಿಯ ಇಕ್ಕೆಲದಲ್ಲಿ ನಿಂತವರನ್ನು ನೋಡಿ. ಅರ್ಧ ಊರು ಹೊದ್ದುಕೊಂಡೇ ಇರುತ್ತದೆ.

ಲೆಕ್ಕ ಹಾಕಿದರೆ ಉಣ್ಣೆ ನಮ್ಮ ಮೈಮೇಲೆ ಇರುವುದು ವರ್ಷಕ್ಕೆ ಹದಿನೈದು ದಿನ, ಉಳಿದ ಮುನ್ನೂರೈವತ್ತು ದಿನ ಕಪಾಟಿನಲ್ಲಿ. ಅದರಲ್ಲಿ ನಾಲ್ಕು ತಿಂಗಳು ಬಿಡದ ಮಳೆ. ನಮ್ಮಲ್ಲಿ ಉಣ್ಣೆ ತೊಟ್ಟು ಸವೆಯುವುದಿಲ್ಲ, ಇಟ್ಟು ಹಾಳಾಗುತ್ತದೆ. ಹಾಗಾಗಿ ಚಳಿ ನಾಡಿನವರ ಸಲಹೆ ನಮಗೆ ಅರ್ಧ ಮಾತ್ರ ಸಲ್ಲುತ್ತದೆ. ಈ ಬಟ್ಟೆ ಜುಲೈ–ಆಗಸ್ಟಿನ ಆಟಿ ತಿಂಗಳನ್ನು ಹೇಗೆ ಕಳೆಯುತ್ತದೆ ಎಂಬುದನ್ನು ನಾವು ಅಂಗಡಿಯಲ್ಲಿ ನಿಂತಾಗಲೇ ಯೋಚಿಸಬೇಕು.

ಹೆಜ್ಜೆ 1: ಎಷ್ಟು ಬೇಕೋ ಅಷ್ಟೇ

ಒಬ್ಬರಿಗೆ ಒಂದು ಒಳ್ಳೆಯ ಶಾಲು, ಒಂದು ತೆಳು ಸ್ವೆಟರ್ ಸಾಕು. ಪ್ರವಾಸ ಮಾಡುವವರಿಗೆ ಮೈಗಂಟುವ ಮೆರಿನೊ (ನಯವಾದ ಎಳೆಯ ಕುರಿ ಉಣ್ಣೆ) ಬನಿಯನ್ನು ಒಂದು ಹೆಚ್ಚು. ದಪ್ಪನೆಯ, ಕತ್ತು ಮುಚ್ಚುವ ಸ್ವೆಟರ್ ಹಿಮಾಲಯಕ್ಕೆ ಹೋಗುವಾಗ ಚಂದ. ಬಂದ ಮೇಲೆ ಇಪ್ಪತ್ತು ವರ್ಷ ಅದನ್ನು ಕಾಯುವುದು ನಿಮ್ಮ ಕೆಲಸವಾಗುತ್ತದೆ. ಅಂಥದ್ದನ್ನು ಎರವಲು ತೆಗೆದುಕೊಂಡು ಹೋಗಿ, ನಾಚಿಕೆ ಬೇಡ. ತೆಳುವಾದ ಎರಡು ಪದರ ದಪ್ಪನೆಯ ಒಂದಕ್ಕಿಂತ ಬೆಚ್ಚಗೆ, ಏಕೆಂದರೆ ನಡುವೆ ಗಾಳಿ ನಿಲ್ಲುತ್ತದೆ. ಒಗೆದಾಗ ಬೇಗ ಒಣಗುವುದೂ ತೆಳುವಾದದ್ದೇ, ಈ ಊರಿನಲ್ಲಿ ಅದು ಸಣ್ಣ ಮಾತಲ್ಲ.

ಹೆಜ್ಜೆ 2: ಉಣ್ಣೆ ಹೌದೋ ಅಲ್ಲವೋ

ಚಳಿಗಾಲದಲ್ಲಿ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವ ಸ್ವೆಟರ್‌ಗಳಲ್ಲಿ ಬಹುಪಾಲು ಆಕ್ರಿಲಿಕ್ ಎಂಬ ಕೃತಕ ನೂಲಿನವು. ಅಂಗಡಿಯವರು ‘ವೂಲನ್’ ಎನ್ನುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ನಮ್ಮಲ್ಲಿ ಬೆಚ್ಚಗಿನ ಹೆಣಿಗೆಗೆಲ್ಲ ಅದೇ ಹೆಸರಾಗಿಬಿಟ್ಟಿದೆ. ಆಕ್ರಿಲಿಕ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹುಳ ತಿನ್ನುವುದಿಲ್ಲ, ಮಷೀನಿಗೆ ಹಾಕಬಹುದು, ಮಕ್ಕಳಿಗೆ ಧಾರಾಳವಾಗಿ ಸಾಕು. ಆಕ್ರಿಲಿಕ್‌ಗೆ ಉಣ್ಣೆಯ ಬೆಲೆ ಕೊಡಬೇಡಿ, ಅಷ್ಟೇ.

ಮೊದಲು ಒಳಗಿನ ಹೊಲಿಗೆಯ ಚೀಟಿ ಓದಿ. ಶೇಕಡಾವಾರು ಬರೆದಿರಬೇಕು. ನೂಲಿನ ಉಂಡೆಯಂತೆ ಕಾಣುವ ಕಪ್ಪು ಗೀರುಗಳ ‘ವೂಲ್‌ಮಾರ್ಕ್’ ಚಿಹ್ನೆ 1964ರಿಂದ ಬಳಕೆಯಲ್ಲಿದೆ. ಅಪ್ಪಟ ಹೊಸ ಉಣ್ಣೆಗೆ ಒಂದು, ಮಿಶ್ರಣಕ್ಕೆ ಬೇರೆ ಒಂದು. ಖಾದಿ ಮಳಿಗೆಯಲ್ಲಾದರೆ ಯಾವ ನೂಲು ಎಂದು ಕೇಳಿದರೆ ಸಾಮಾನ್ಯವಾಗಿ ನೇರ ಉತ್ತರ ಸಿಗುತ್ತದೆ.

ಚೀಟಿಯೇ ಇಲ್ಲದಿದ್ದರೆ ಬೆಂಕಿಯ ಪರೀಕ್ಷೆ. ಶಾಲಿನ ಕುಚ್ಚಿನಿಂದಲೋ ಸ್ವೆಟರಿನ ಒಳ ಹೊಲಿಗೆಯಿಂದಲೋ ಒಂದಂಗುಲದ ಎಳೆ ತೆಗೆಯಿರಿ. ಚಿಮುಟದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಮೇಣದ ಬತ್ತಿಗೆ ಹಿಡಿಯಿರಿ. ಉಣ್ಣೆಯಾದರೆ ಎಳೆ ಜ್ವಾಲೆಯಿಂದ ಹಿಂದೆ ಸರಿದಂತೆ ಸುರುಟಿಕೊಳ್ಳುತ್ತದೆ, ಚಟಚಟ ಎಂದು ನಿಧಾನವಾಗಿ ಉರಿಯುತ್ತದೆ, ಬೆಂಕಿಯಿಂದ ತೆಗೆದರೆ ತಾನೇ ಆರುತ್ತದೆ. ಮೂಗಿಗೆ ಕೂದಲು ಸುಟ್ಟ ವಾಸನೆ ಬಡಿಯುತ್ತದೆ. ಉಣ್ಣೆಯೂ ಕೂದಲೂ ಒಂದೇ ಜಾತಿಯ ಪ್ರೋಟೀನು. ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಆಕ್ರಿಲಿಕ್, ಪಾಲಿಯೆಸ್ಟರ್ ಹಾಗಲ್ಲ. ಕರಗಿ ತೊಟ್ಟಿಕ್ಕುತ್ತವೆ, ಘಾಟು ಹೊಡೆಯುತ್ತವೆ, ಕೊನೆಗೆ ಗಟ್ಟಿ ಮಣಿಯಾಗಿ ಉಳಿಯುತ್ತವೆ. ಆ ಮಣಿಯನ್ನು ಬಿಸಿಯಿರುವಾಗ ಮುಟ್ಟಬೇಡಿ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ನೂಲು ಸುಟ್ಟರೆ ಕಾಗದದ ವಾಸನೆ. ರೇಷ್ಮೆಯೂ ಉಣ್ಣೆಯಂತೆಯೇ ಉರಿಯುತ್ತದೆ, ಅಲ್ಲಿ ಕೈಯ ಸ್ಪರ್ಶವೇ ಹೇಳಬೇಕು.

ಉಂಗುರದೊಳಗೆ ತೂರಿಸಿ ‘ಅಸಲಿ ಪಶ್ಮೀನಾ’ ಎಂದು ತೋರಿಸುವವರನ್ನು ನಂಬಬೇಡಿ. ತೆಳುವಾಗಿ ನೇಯ್ದ ವಿಸ್ಕೋಸ್ ಕೂಡ ತೂರುತ್ತದೆ. ನಿಜವಾದ ಕಾಶ್ಮೀರ ಪಶ್ಮೀನಾಕ್ಕೆ 2008ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಕೈಯಲ್ಲಿ ನೂತು ನೇಯ್ದದ್ದು ಮುನ್ನೂರು ರೂಪಾಯಿಗೆ ಬರುವ ಮಾತೇ ಇಲ್ಲ. ಯಾರಾದರೂ ‘ಶಾಹ್‌ತೂಷ್’ ಎಂದು ಪಿಸುಗುಟ್ಟಿದರೆ ಎದ್ದು ಬನ್ನಿ. ಅದು ಟಿಬೆಟಿನ ಚಿರು ಎಂಬ ಹುಲ್ಲೆಯನ್ನು ಕೊಂದು ತೆಗೆಯುವ ಕೂದಲು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ಅಪರಾಧ.

ಹೆಜ್ಜೆ 3: ಕತ್ತಿಗೆ ತಾಗಿಸಿ ನೋಡಿ

ಉಣ್ಣೆ ಚುಚ್ಚುವುದು ಅಲರ್ಜಿಯಿಂದಲ್ಲ, ಹೆಚ್ಚಾಗಿ ಎಳೆಯ ದಪ್ಪದಿಂದ. ಎಳೆಯನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮೂವತ್ತು ಮೈಕ್ರಾನ್ ದಾಟಿದ ಎಳೆಯ ತುದಿ ಬಾಗುವುದಿಲ್ಲ, ಚರ್ಮವನ್ನು ಕುಟುಕುತ್ತದೆ. ಪಶ್ಮೀನಾ 12ರಿಂದ 16, ಬನಿಯನ್ನಿಗೆ ಬಳಸುವ ಮೆರಿನೊ 17ರಿಂದ 19. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಅದು ಕಂಬಳಿಗೆ, ಮೈಗಲ್ಲ. ಅಂಗೈಗೆ ಚುಚ್ಚುವಿಕೆ ತಿಳಿಯುವುದಿಲ್ಲ. ಬಟ್ಟೆಯನ್ನು ಕತ್ತಿನ ಪಕ್ಕಕ್ಕೋ ಮೊಣಕೈಯ ಒಳಭಾಗಕ್ಕೋ ಒಂದು ನಿಮಿಷ ಒತ್ತಿ ಹಿಡಿಯಿರಿ. ಕರಾವಳಿಯ ಬೆವರಿಗೆ ಚುಚ್ಚುವಿಕೆ ಇಮ್ಮಡಿಯಾಗುತ್ತದೆ ಎಂಬುದು ನೆನಪಿರಲಿ.

ಜೊತೆಗೆ ಇನ್ನೆರಡು ನೋಟ. ಬಟ್ಟೆಯನ್ನು ಅಡ್ಡಕ್ಕೆ ಎಳೆದು ಬಿಡಿ. ತಟ್ಟನೆ ಮೊದಲಿನ ಆಕಾರಕ್ಕೆ ಬರಬೇಕು. ಬೆಳಕಿಗೆ ಹಿಡಿಯಿರಿ, ಹೆಣಿಗೆ ಎಲ್ಲೆಡೆ ಒಂದೇ ಸಮ ಇರಬೇಕು. ಸಡಿಲ ಹೆಣಿಗೆ, ಒಂಟಿ ಎಳೆಯ ನೂಲು ಕೈಗೆ ಮೆತ್ತಗೆ ಸಿಗುತ್ತದೆ, ಒಂದೇ ಪ್ರವಾಸಕ್ಕೆ ಕಂಕುಳ ಬಳಿ ಗುಂಜು ಗುಂಜಾಗುತ್ತದೆ.

ಕೋಟಿನ ವಿಷಯ ಬೇರೆ. ಈ ಕಡೆಯ ಮದುಮಕ್ಕಳು ಮೇ ತಿಂಗಳ ಸೆಖೆಯಲ್ಲೂ ಮೂರು ತುಂಡಿನ ಸೂಟು ತೊಡುತ್ತಾರೆ, ಅದಕ್ಕೆ ನನ್ನ ಅನುಮತಿ ಯಾರೂ ಕೇಳಿಲ್ಲ. ಹೊಲಿಸುವುದೇ ಆದರೆ ತೆಳು ಟೆರಿವುಲ್ (ಪಾಲಿಯೆಸ್ಟರ್ ಬೆರೆತ ಉಣ್ಣೆ) ಸಾಕು. ಅರ್ಧ ಅಸ್ತರು ಹಾಕುವಂತೆ ದರ್ಜಿಗೆ ಹೇಳಿ. ಮಳೆಗಾಲದಲ್ಲಿ ಬೂಷ್ಟು ಮೊದಲು ಹಿಡಿಯುವುದು ಕಾಲರಿನ ಹಿಂದೆ ಮತ್ತು ಅಸ್ತರಿನ ಒಳಗೆ.

ಹೆಜ್ಜೆ 4: ತೊಟ್ಟ ಮೇಲೆ ಒಗೆಯಬೇಡಿ, ಗಾಳಿಗೆ ಹಾಕಿ

ಹಳೆಯ ಮನೆಗಳಲ್ಲಿ ಮಡಿಗೆ ಉಡುತ್ತಿದ್ದ ಉಣ್ಣೆಯ ದಾವಳಿಯನ್ನು ದಿನಾ ಒಗೆಯುತ್ತಿರಲಿಲ್ಲ. ಉಣ್ಣೆಗೆ ಮೈಲಿಗೆ ತಟ್ಟದು ಎನ್ನುತ್ತಿದ್ದರು. ಮಡಿಯ ವಿಚಾರ ಹಾಗಿರಲಿ, ಉಣ್ಣೆಯ ಗುಣ ಅವರಿಗೆ ಗೊತ್ತಿತ್ತು. ಉಣ್ಣೆ ತನ್ನ ತೂಕದ ಶೇ 30ರಷ್ಟು ತೇವವನ್ನು ಒಳಗೆ ಹೀರಿಕೊಂಡೂ ಕೈಗೆ ಒಣಗಿದಂತೆಯೇ ಇರುತ್ತದೆ. ಬೆವರಿನ ವಾಸನೆಯೂ ಹತ್ತಿಗಿಂತ, ಪಾಲಿಯೆಸ್ಟರಿಗಿಂತ ಎಷ್ಟೋ ಕಡಿಮೆ. ಬಸ್ಸಿನಿಂದ ಇಳಿದು ಬಂದ ಶಾಲನ್ನು ಒಮ್ಮೆ ಕೊಡವಿ, ಗಾಳಿಯಾಡುವ ನೆರಳಲ್ಲಿ ಅರ್ಧ ದಿನ ಹರಡಿ. ಕೋಟಿಗೆ ಮೆತ್ತನೆಯ ಬ್ರಷ್ಷು ಮೇಲಿನಿಂದ ಕೆಳಕ್ಕೆ. ಮದುವೆ ಊಟದ ಸಾರು ಚೆಲ್ಲಿದ್ದರೆ ಅಷ್ಟು ಜಾಗವನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ.

ಹೆಜ್ಜೆ 5: ವರ್ಷಕ್ಕೊಂದು ಒಗೆತ, ಶಿವರಾತ್ರಿ ಕಳೆದು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಹೋಗುತ್ತದೆ. ಉಣ್ಣೆ ಒಗೆಯಲು ಅಲ್ಲಿಂದ ಪತ್ತನಾಜೆಯವರೆಗೆ ಸಮಯವಿದೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಉಣ್ಣೆಯೂ ಒಳಗೆ ಸೇರಿರಬೇಕು. ನಾನಂತೂ ಮಾರ್ಚಿನಲ್ಲೇ ಮುಗಿಸುತ್ತೇನೆ.

ಅಮ್ಮನ ಬದರಿಯ ಸ್ವೆಟರನ್ನು ಒಮ್ಮೆ ನಾನು ವಾಷಿಂಗ್ ಮಷೀನಿಗೆ ಬಿಸಿ ನೀರಿನಲ್ಲಿ ಹಾಕಿದ್ದೆ. ಹೊರಬಂದಾಗ ಅದು ನಾಲ್ಕು ವರ್ಷದ ಮಗುವಿಗೆ ಸರಿಹೊಂದುವಂತಿತ್ತು, ನಿಲ್ಲಿಸಿದರೆ ನಿಲ್ಲುವಷ್ಟು ದಪ್ಪ. ಆದದ್ದಿಷ್ಟು: ಉಣ್ಣೆಯ ಪ್ರತಿ ಎಳೆಯ ಮೇಲೂ ಹೆಂಚು ಹೊದೆಸಿದಂತೆ ಸಣ್ಣ ಪೊರೆಗಳಿವೆ. ಬಿಸಿ ಮತ್ತು ಸೋಪಿಗೆ ಅವು ಎದ್ದುಕೊಳ್ಳುತ್ತವೆ. ತಿಕ್ಕಿದಾಗ, ತಿರುಚಿದಾಗ ಒಂದರೊಳಗೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಮತ್ತೆ ಬಿಡುವುದಿಲ್ಲ. ಬಿಸಿ, ಒದ್ದೆ, ತಿಕ್ಕಾಟ ಮೂರೂ ಸೇರಬಾರದು. ತಿಕ್ಕಾಟ ಎಲ್ಲಕ್ಕಿಂತ ಕೇಡು. ಚೀಟಿಯಲ್ಲಿ ಮಷೀನಿಗೆ ಹಾಕಬಹುದು ಎಂದಿರುವ ಮೆರಿನೊದಲ್ಲಿ ಈ ಪೊರೆಗಳನ್ನು ಮೊದಲೇ ರಾಸಾಯನಿಕದಿಂದ ತಗ್ಗಿಸಿ ಲೇಪ ಕೊಟ್ಟಿರುತ್ತಾರೆ, ಅದನ್ನು ಮಷೀನಿನ ತಣ್ಣೀರಿನ ‘ವೂಲ್’ ಸೈಕಲ್‌ಗೆ ಹಾಕಬಹುದು. ಉಳಿದದ್ದೆಲ್ಲ ಕೈಯಲ್ಲೇ.

ಮೊದಲು ಸೋಪಿನ ಮಾತು. ಸಾಮಾನ್ಯ ಒಗೆಯುವ ಪುಡಿ ಕ್ಷಾರ, ಅನೇಕವುಗಳಲ್ಲಿ ಪ್ರೋಟೀನನ್ನು ಕರಗಿಸುವ ಕಿಣ್ವವೂ ಇರುತ್ತದೆ. ರಕ್ತ, ಹಾಲಿನ ಕಲೆಗೆ ಅದು ಒಳ್ಳೆಯದು. ಉಣ್ಣೆಯೇ ಪ್ರೋಟೀನಾದ್ದರಿಂದ ಅಲ್ಲಿ ಕಲೆಯ ಜೊತೆ ಬಟ್ಟೆಯೂ ಸವೆಯುತ್ತದೆ. ಕ್ಲೋರಿನ್ ಬ್ಲೀಚಿನಲ್ಲಂತೂ ಉಣ್ಣೆ ಕರಗಿಯೇ ಹೋಗುತ್ತದೆ. ಉಣ್ಣೆಗೆಂದೇ ಬರುವ ದ್ರವ ಬಳಸಿ, ಇಲ್ಲವೇ ಅಂಟುವಾಳಕಾಯಿ. ಒಂದು ಬಕೆಟಿಗೆ ಎಂಟು ಹತ್ತು ಕಾಯಿಯ ಬೀಜ ತೆಗೆದು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಬಟ್ಟೆಯಲ್ಲಿ ಸೋಸಿ, ತಣ್ಣೀರಿಗೆ ಬೆರೆಸಿ. ಬಿಳಿ ಉಣ್ಣೆಗೆ ಮಾತ್ರ ಬೇಡ, ನಸು ಕಂದು ಹಿಡಿಯಬಹುದು.

ನೀರು ಮೂವತ್ತು ಡಿಗ್ರಿ ದಾಟಬಾರದು. ಬಾವಿಯಿಂದ ಸೇದಿದ್ದು ಸರಿಯಾಗಿರುತ್ತದೆ. ಏಪ್ರಿಲ್ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನಿಂದ ನಲ್ಲಿಗೆ ಬರುವ ನೀರು ‘ತಣ್ಣೀರು’ ಅಲ್ಲ, ಕೈಯಿಟ್ಟು ನೋಡಿ. ಕಬ್ಬಿಣದ ಅಂಶವಿರುವ ಕೊಳವೆಬಾವಿ ನೀರಾದರೆ ತಿಳಿ ಬಣ್ಣದ ಬಟ್ಟೆಗೆ ಬೇಡ.

ಇನ್ನು ಒಗೆಯುವ ಕ್ರಮ. ಒಗೆಯುವ ಮೊದಲು ಸ್ವೆಟರನ್ನು ಹಳೆ ಬೆಡ್‌ಶೀಟಿನ ಮೇಲೆ ಹರಡಿ ಸುತ್ತ ಚಾಕ್‌ನಲ್ಲಿ ಗೆರೆ ಎಳೆಯಿರಿ, ಆಮೇಲೆ ಕೆಲಸಕ್ಕೆ ಬರುತ್ತದೆ. ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ನೀರಲ್ಲಿ ಮುಳುಗಿಸಿ. ಬೆಂದ ಇಡ್ಲಿಯನ್ನು ಒತ್ತಿ ನೋಡುವಷ್ಟು ಮೆಲ್ಲಗೆ ಅಂಗೈಯಲ್ಲಿ ಒತ್ತಿ, ಬಿಡಿ, ಒತ್ತಿ, ಬಿಡಿ. ಐದರಿಂದ ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ನೆನೆಸಬೇಡಿ. ಎತ್ತುವಾಗ ಎರಡೂ ಕೈಯನ್ನು ಅಡಿಗೆ ಕೊಟ್ಟು ಮಗುವನ್ನು ಎತ್ತಿದಂತೆ ಎತ್ತಿ. ಒದ್ದೆ ಉಣ್ಣೆಗೆ ಬಲ ಕಡಿಮೆ, ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಅಷ್ಟೇ ತಣ್ಣಗಿನ ಹೊಸ ನೀರಲ್ಲಿ ಎರಡು ಸಲ ಜಾಲಿಸಿ. ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಉಳಿದ ಸೋಪು ಬಿಡುತ್ತದೆ. ಹಿಂಡಬಾರದು, ಕಲ್ಲಿಗೆ ಬಡಿಯುವುದಂತೂ ಕೂಡದು.

ಹೆಜ್ಜೆ 6: ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ, ಚಾಪೆಯ ಮೇಲೆ ಒಣಗಿಸಿ

ದಪ್ಪ ಬೈರಾಸಿನ ಮೇಲೆ ಬಟ್ಟೆ ಹರಡಿ, ಚಾಪೆ ಸುತ್ತುವ ಹಾಗೆ ಸುತ್ತಿ, ಮೇಲಿಂದ ಮೊಣಕಾಲೂರಿ ಒತ್ತಿ. ಬೈರಾಸು ಅರ್ಧ ನೀರು ಕುಡಿಯುತ್ತದೆ. ಆಮೇಲೆ ಆ ಬೆಡ್‌ಶೀಟನ್ನು ಚಾಪೆಯ ಮೇಲೆ ಹಾಸಿ, ಚಾಕ್ ಗೆರೆಯ ಮೇಲೆ ಸ್ವೆಟರನ್ನು ಕೂರಿಸಿ, ತೋಳು, ಅಂಚು ಗೆರೆಗೆ ಹೊಂದುವಂತೆ ಬೆರಳಲ್ಲಿ ಸವರಿ. ನೆರಳಲ್ಲಿ, ಗಾಳಿಯಲ್ಲಿ, ಮಲಗಿಸಿಯೇ ಒಣಗಿಸಬೇಕು. ಹಗ್ಗಕ್ಕೆ ಹಾಕಿದರೆ ತೋಳು ಮೊಣಕಾಲಿಗೆ ಬರುತ್ತದೆ. ಸುಡುಬಿಸಿಲು ಬಿಳಿಯನ್ನು ಹಳದಿ ಮಾಡುತ್ತದೆ. ಮಾರ್ಚಿನಲ್ಲಿ ಒಂದೂವರೆ ದಿನ ಸಾಕು. ಇದೇ ಕೆಲಸ ಜುಲೈಯಲ್ಲಿ ಮಾಡಿದರೆ ನಾಲ್ಕನೆಯ ದಿನ ಮುಗ್ಗಲು ವಾಸನೆ ಶುರು.

ಹೆಜ್ಜೆ 7: ಇಡುವುದು

ಉಣ್ಣೆ ತಿನ್ನುವುದು ಬಟ್ಟೆ ನುಸಿ ಎಂಬ ಹಾರುವ ಚಿಟ್ಟೆಯಲ್ಲ, ಅದರ ಮರಿಹುಳ. ಬಟ್ಟೆ ನುಸಿಯ ಮರಿಯೂ ಕೆಲವು ಸಣ್ಣ ದುಂಬಿಗಳ ಮರಿಗಳೂ ಉಣ್ಣೆಯ ಪ್ರೋಟೀನನ್ನು ಜೀರ್ಣಿಸಿಕೊಳ್ಳಬಲ್ಲವು. ನಿಮ್ಮ ಮನೆಯ ಗೋಡೆಯಲ್ಲಿ, ಕಿಟಕಿಯ ಸಂದಿಯಲ್ಲಿ ಕಲ್ಲಂಗಡಿ ಬೀಜದ ಆಕಾರದ, ಬೂದಿ ಬಣ್ಣದ ಚಪ್ಪಟೆ ಗೂಡು ಅಂಟಿಕೊಂಡಿರುವುದನ್ನು ನೋಡಿರುತ್ತೀರಿ. ಮರಳಿನ ತುಂಡೆಂದು ಗುಡಿಸಿ ಬಿಡುತ್ತೇವೆ. ಸುಮ್ಮನೆ ಎರಡು ನಿಮಿಷ ನೋಡುತ್ತ ಕುಳಿತರೆ ಒಂದು ತುದಿಯಿಂದ ಸಣ್ಣ ತಲೆ ಹೊರಬಂದು ಗೂಡನ್ನೇ ಎಳೆದುಕೊಂಡು ಮುಂದೆ ಹೋಗುತ್ತದೆ. ಅದೂ ನುಸಿಯ ಬಳಗದ್ದೇ. ಜೇಡರ ಬಲೆ, ಉದುರಿದ ಕೂದಲು ತಿಂದು ಬದುಕುತ್ತದೆ, ಉಣ್ಣೆ ಸಿಕ್ಕಿದರೆ ಬಿಡುವುದಿಲ್ಲ. ಹಾಗಾಗಿ ಕಪಾಟಿನ ಹಿಂದಿನ, ಕೆಳಗಿನ ಬಲೆ ಗುಡಿಸುವುದು ಉಣ್ಣೆಯ ಆರೈಕೆಯೇ.

ಹುಳಕ್ಕೆ ಹೆಚ್ಚು ರುಚಿಸುವುದು ಬೆವರು, ಎಣ್ಣೆ, ಊಟದ ಕಲೆ ಇರುವ ಉಣ್ಣೆ. ಕೊಳೆಯಾದದ್ದನ್ನು ಹಾಗೆಯೇ ಒಳಗಿಟ್ಟರೆ ಕರೆದು ಬಡಿಸಿದಂತೆ.

ಬೂಷ್ಟಿಗೆ ಗಾಳಿಯ ತೇವ ಶೇ 70 ದಾಟಿದರೆ ಸಾಕು; ನಮ್ಮ ಮಳೆಗಾಲದಲ್ಲಿ ಅದು 85ಕ್ಕೂ ಮೇಲೆ. ಇಲ್ಲಿ ನಾನು ಚಾಲ್ತಿಯ ಸಲಹೆಯನ್ನು ಒಪ್ಪುವುದಿಲ್ಲ. ‘ಉಣ್ಣೆ ಉಸಿರಾಡಬೇಕು, ಹತ್ತಿಯ ಚೀಲದಲ್ಲಿಡಿ’ ಎನ್ನುತ್ತಾರೆ. ಬೆಂಗಳೂರಿಗೆ ಅದು ಸರಿ. ಆಟಿಯ ಮಂಗಳೂರಿನಲ್ಲಿ ಉಣ್ಣೆ ಉಸಿರಾಡುವುದು ನೀರನ್ನೇ. ಇಲ್ಲಿ ಗಾಳಿಯಾಡದ ಡಬ್ಬಿ ಬೇಕು, ಒಳಗೆ ತೇವ ಹೀರುವ ಹರಳು ಬೇಕು, ಬಟ್ಟೆ ಮಾತ್ರ ನಿಜಕ್ಕೂ ಒಣಗಿರಬೇಕು.

ಮಾಡುವ ಬಗೆ ಹೀಗೆ. ಒಣಹವೆಯ ದಿನ ಆರಿಸಿ. ಮಧ್ಯಾಹ್ನ ಒಂದು ಗಂಟೆಯ ಕಾಲ ಬಟ್ಟೆಯನ್ನು ಬಿಸಿಲಿನ ಅಂಚಿನಲ್ಲಿ ಹರಡಿ, ಬ್ರಷ್ ಹಾಕಿ, ಜೇಬು, ಮಡಿಕೆ, ಕಾಲರಿನ ಅಡಿ ನೋಡಿ. ಬಿಸಿ ಆರಿದ ಕೂಡಲೇ, ಸಂಜೆಯ ಕಡಲ ಗಾಳಿಯ ತೇವ ತಾಗುವ ಮೊದಲೇ, ಒಗೆದ ಹಳೆ ಪಂಚೆಯಲ್ಲಿ ಸುತ್ತಿ ಮುಚ್ಚಳ ಬಿಗಿಯಾಗುವ ಪಾರದರ್ಶಕ ಡಬ್ಬಿಗೆ ಹಾಕಿ. ಸ್ವೆಟರನ್ನು ಮಡಚಬೇಕು, ಹ್ಯಾಂಗರಿಗೆ ಹಾಕಬಾರದು. ಸಿಲಿಕಾ ಜೆಲ್ ಒಂದೆರಡು ಮುಷ್ಟಿಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ, ಸ್ವಲ್ಪ ಹರಳನ್ನು ಹೊರಗಿಂದ ಕಾಣುವಂತೆ ಸಣ್ಣ ಪಾರದರ್ಶಕ ಪೊಟ್ಟಣದಲ್ಲಿ ಇಡಿ. ಆ ಪೊಟ್ಟಣಕ್ಕೆ ಸೂಜಿಯಿಂದ ತೂತು ಮಾಡಲು ಮರೆಯಬೇಡಿ. ಕಿತ್ತಳೆ ಬಣ್ಣದ ಹರಳು ಕೊಳ್ಳಿ, ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳ ಮನೆಗೆ ಬೇಡ. ಬಣ್ಣ ತಿರುಗಿದ ಹರಳನ್ನು ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಕಪಾಟನ್ನು ಮಳೆ ಬಡಿಯುವ ಪಡುವಣ ಗೋಡೆಗೆ ಒರಗಿಸಬೇಡಿ. ಕೆಂಪುಕಲ್ಲಿನ ಗೋಡೆ ಜುಲೈ ಹೊತ್ತಿಗೆ ಒಳಗೂ ಬೆವರುತ್ತದೆ. ಒಂದು ಗೇಣು ಜಾಗ ಬಿಡಿ.

ನುಸಿಗುಳಿಗೆಯ (ನ್ಯಾಫ್ತಲೀನ್ ಉಂಡೆಯ) ಬಗ್ಗೆ ಕೇಳಿದರೆ, ನಮ್ಮ ಮನೆಯಲ್ಲಿ ಬಿಟ್ಟಿದ್ದೇವೆ. ಮುಚ್ಚಿದ ಡಬ್ಬಿಯಲ್ಲಿ ಅದು ಹುಳ ಕೊಲ್ಲುವುದು ನಿಜ. ತೆರೆದ ಕಪಾಟಿನಲ್ಲಿ ವಾಸನೆ ಮಾತ್ರ. ನ್ಯಾಫ್ತಲೀನ್ ಆವಿ, ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಎಳೆಮಕ್ಕಳ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು. ಬಾಣಂತಿ ಕೋಣೆಗೆ ಹಳೆ ಶಾಲು ಕೊಡುವ ನಮ್ಮ ರೂಢಿಗೆ ಇದು ಸೇರುವುದಿಲ್ಲ. ಬಳಸುವುದಾದರೆ ಬಟ್ಟೆಗೆ ತಾಗದಂತೆ, ಮೇಲ್ಭಾಗದಲ್ಲಿ, ಕಾಗದದಲ್ಲಿ ಸುತ್ತಿ ಇಡಿ. ಲಾವಂಚ, ಒಣ ಬೇವಿನೆಲೆ, ಬಜೆ, ಲವಂಗ ಒಳ್ಳೆಯ ಪರಿಮಳ ಕೊಡುತ್ತವೆ, ಹುಳವನ್ನು ಸ್ವಲ್ಪ ದೂರವಿಡುತ್ತವೆ, ಒಳಗೆ ಸೇರಿದ ಮರಿಯನ್ನು ಕೊಲ್ಲುವುದಿಲ್ಲ.

ಕೋಟಿಗೆ ಒಂದು ಎಚ್ಚರಿಕೆ. ಡ್ರೈಕ್ಲೀನ್ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆಯಲ್ಲೇ ನಾನು ಒಂದು ಕೋಟನ್ನು ಜೂನ್‌ನಿಂದ ತೂಗುಹಾಕಿದ್ದೆ. ಅಂಗಡಿಯವರು ಇಸ್ತ್ರಿಯ ಹಬೆ ಆರುವ ಮೊದಲೇ ಮುಚ್ಚಿದ್ದರೆಂದು ಕಾಣುತ್ತದೆ. ಚೌತಿಗೆ ತೆಗೆದಾಗ ಕಪ್ಪು ಕೋಟು ಬಿಳಿಯಾಗಿತ್ತು. ಮನೆಗೆ ತಂದ ಕೂಡಲೇ ಪ್ಲಾಸ್ಟಿಕ್ ಹರಿದು ತೆಗೆದು, ಒಂದು ದಿನ ಗಾಳಿಗಿಟ್ಟು, ದಪ್ಪ ಭುಜದ ಹ್ಯಾಂಗರಿಗೆ ಹಾಕಿ ಹತ್ತಿ ಹೊದಿಕೆ ಹೊದೆಸಿ. ಹತ್ತಿ ಹೊದಿಕೆ ತೇವ ತಡೆಯದು, ಹಾಗಾಗಿ ಹವಾನಿಯಂತ್ರಣ ಇರುವ ಕೋಣೆಯಲ್ಲೇ ಕೋಟು ಇರಲಿ.

ಹೆಜ್ಜೆ 8: ಮಳೆಗಾಲದಲ್ಲಿ ಕಣ್ಣಿಡಿ, ಕೈಯಿಡಬೇಡಿ

ವಾರಕ್ಕೊಮ್ಮೆ ಡಬ್ಬಿಯ ಹೊರಗಿಂದ ಹರಳಿನ ಬಣ್ಣ ನೋಡಿ. ಬದಲಾಗಿಲ್ಲದಿದ್ದರೆ ಮುಚ್ಚಳ ತೆಗೆಯಲೇಬೇಡಿ. ತೆಗೆದರೆ ಒಳಗೆ ಹೋಗುವುದು ತೇವವೇ.

ಕೆಟ್ಟ ಮೇಲೆ

ಬೂಷ್ಟು ಬಂದಿದ್ದರೆ ಮನೆಯೊಳಗೆ ಕೊಡವಬೇಡಿ. ಬಿಸಿಲು ಬಂದ ದಿನ ಅಂಗಳಕ್ಕೆ ಒಯ್ದು, ಪೂರ್ತಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ರಷ್‌ನಿಂದ ಕೆಡವಿ. ಒದ್ದೆಯಿರುವಾಗ ಉಜ್ಜಿದರೆ ಒಳಗೆ ಇಳಿಯುತ್ತದೆ. ಆಮೇಲೆ ಒಗೆತ. ಬಣ್ಣದ ಮಚ್ಚೆ ಉಳಿದರೆ ಉಳಿಯಿತು.

ತೂತು ಕಂಡರೆ, ಒಂದರಲ್ಲಿ ಕಂಡರೂ, ಅದೇ ಡಬ್ಬಿಯ ಎಲ್ಲ ಬಟ್ಟೆಗೂ ಚಿಕಿತ್ಸೆ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ ಫ್ರೀಜರಿನಲ್ಲಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ, ಎರಡು ವಾರ ಇಡಿ. ಮೀನಿನ ಪಕ್ಕದಲ್ಲಿ ಶಾಲನ್ನು ಕಂಡು ಮನೆಯವರು ಏನು ಹೇಳುತ್ತಾರೋ ಅದನ್ನು ನೀವೇ ನಿಭಾಯಿಸಿಕೊಳ್ಳಿ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಬಿಡಿ; ಕೂಡಲೇ ಬಿಚ್ಚಿದರೆ ತಣ್ಣಗಿನ ಬಟ್ಟೆಯ ಮೇಲೆ ನಮ್ಮ ಗಾಳಿಯ ನೀರೆಲ್ಲ ಇಳಿಯುತ್ತದೆ.

ಕಂಬಳಿಗೆ ಈ ಯಾವುದೂ ಪೂರ್ತಿ ಹೊಂದುವುದಿಲ್ಲ. ಚಳ್ಳಕೆರೆ ಕಡೆಯ ಕರಿ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಕೊಟ್ಟಿರುತ್ತಾರೆ. ಒಗೆದರೆ ಗಂಜಿ ಹೋಗಿ ಸೊರಗುತ್ತದೆ. ಗಂಜಿ ಇದ್ದರೆ ಬೆಳ್ಳಿಮೀನು ಹುಳಕ್ಕೆ ಹಬ್ಬ. ಅದಕ್ಕೆ ತಿಂಗಳಿಗೊಮ್ಮೆ ಬಿಸಿಲು, ಕೋಲಿನಿಂದ ನಾಲ್ಕು ಪೆಟ್ಟು. ಅಜ್ಜನ ಕಾಲದಲ್ಲಿ ಕಂಬಳಿ ಅಡುಗೆಮನೆಯ ಅಟ್ಟದಲ್ಲಿ ಒಲೆಯ ಹೊಗೆ ಕುಡಿಯುತ್ತ ಇರುತ್ತಿತ್ತು. ನಮ್ಮ ಗ್ಯಾಸ್ ಒಲೆಗೆ ಹೊಗೆಯೂ ಇಲ್ಲ, ಹೊಸ ಮನೆಗೆ ಅಟ್ಟವೂ ಇಲ್ಲ.

ಭಾವನ ಎರಡು ಶಾಲುಗಳಲ್ಲಿ ಒಂದು ರಫು ಹಾಕಿಸಿಕೊಂಡು ಬಂತು, ತೂತಿದ್ದ ಜಾಗ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಇನ್ನೊಂದು ಜರಡಿಯಾಗಿತ್ತು. ಅದನ್ನು ಬಿಸಿನೀರಿನಲ್ಲಿ ಬೇಕೆಂದೇ ತಿಕ್ಕಿ ಗಟ್ಟಿ ಮಾಡಿ, ನಾಲ್ಕಾಗಿ ಕತ್ತರಿಸಿ ಇಸ್ತ್ರಿ ಮೇಜಿಗೆ ಹಾಸಿದ್ದೇವೆ. ಉಳಿದ ಇಪ್ಪತ್ತೊಂದು ಶಾಲು ಈಗಲೂ ಹೊಸದರಂತೆಯೇ ಇವೆ, ಮತ್ತು ಮೊನ್ನೆ ಅದಕ್ಕೆ ಇನ್ನೊಂದು ಸೇರಿದೆ.